ಗಜನಿಯ ಹಲಗೆ ಯಾರ ಕೈಯಲ್ಲಿರಬೇಕು?

ಗಜನಿ ರೈತ, ಕುಮಟಾ:
ಅಘನಾಶಿನಿ ಅಳಿವೆಯ ಅಂಚಿನಲ್ಲಿ ನಮಗೆ ಒಂದು ಎಕರೆ ಹತ್ತು ಗುಂಟೆ ಗಜನಿ ಇದೆ, ಅಂದರೆ ಉಬ್ಬರದ ಉಪ್ಪುನೀರು ಹತ್ತುವ ತಗ್ಗು ಗದ್ದೆ. ಅಜ್ಜನ ಕಾಲದಿಂದಲೂ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಕಗ್ಗಕ್ಕೆ ಗೊಬ್ಬರ ಬೇಡ, ಔಷಧ ಬೇಡ. ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುತ್ತದೆ. ಸಮುದ್ರ ಏರುವ ಈ ಕಾಲಕ್ಕೆ ಇಂಥ ತಳಿಯನ್ನು ಕಳೆದುಕೊಳ್ಳುವುದೇ?

ಈಗ ನಮ್ಮ ಗಜನಿ ವರ್ಷಪೂರ್ತಿ ಸಿಗಡಿಗೆ ಹರಾಜಾಗುತ್ತದೆ. ಮಳೆ ಹಿಡಿದ ಮೇಲೆ ಉಬ್ಬರಕ್ಕೆ ಕಟ್ಟೆಯ ಬಾಗಿಲಿನ ಹಲಗೆ ಇಳಿಸಿ, ಇಳಿತಕ್ಕೆ ಎತ್ತಿದರೆ ಮಾತ್ರ ಮಣ್ಣಿನ ಉಪ್ಪು ತೊಳೆದುಹೋಗುತ್ತದೆ. ಗುತ್ತಿಗೆ ಹಿಡಿದವರು ಹಲಗೆ ಎತ್ತುವುದು ಬಲೆಯ ಲೆಕ್ಕದಲ್ಲಿ. ಕಳೆದ ವರ್ಷ ಬಿತ್ತಿದ ಹನ್ನೆರಡನೇ ದಿನ ಗದ್ದೆಗಿಳಿದೆ. ಸಸಿಯ ತುದಿ ಸುಟ್ಟಂತೆ ಕೆಂಪಾಗಿತ್ತು, ಮುಟ್ಟಿದರೆ ಬುಡಸಹಿತ ಕೈಗೆ ಬಂತು. ನೀರನ್ನು ನಾಲಗೆಗೆ ಹಚ್ಚಿ ನೋಡಿದೆ, ಬರೀ ಸಮುದ್ರ. ಕಗ್ಗ ಉಪ್ಪು ತಾಳುತ್ತದೆ, ನಿಜ. ಎಳೆ ಸಸಿ ಎಷ್ಟೆಂದು ತಾಳೀತು?

ಗಜನಿ ಹರಾಜು ಹಾಕುವ ನಮ್ಮ ರೈತರ ಸಂಘದ ಸಭೆಯಲ್ಲಿ ಹೆಚ್ಚಿನವರು ಹರಾಜಿನ ಪರ. ಅವರನ್ನು ದೂರಲಾರೆ, ಮಗಳ ಕಾಲೇಜು ಶುಲ್ಕಕ್ಕೆ ನಾನೂ ಆ ಹಣ ಪಡೆದಿದ್ದೇನೆ. ಅವರನ್ನು ಒಪ್ಪಿಸುವುದು ಹೇಗೆ?

ಬಳಚಿನ ಬುಟ್ಟಿ:
ತಮ್ಮಾ, ಇಳಿತದಲ್ಲಿ ಮೊಣಕಾಲು ನೀರಿಗಿಳಿದು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವವಳು ನಾನು. ನಿಮ್ಮ ಸಭೆಗೆ ನಮ್ಮನ್ನು ಯಾರೂ ಕರೆದಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಸಂತೋಷಪಟ್ಟೆವು. ಆಮೇಲೂ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಉಳಿಯಬೇಕೋ ಕಡಿಯಬೇಕೋ ಎಂಬ ಮಾತು ಜಮೀನು ಇದ್ದವರ ನಡುವೆಯೇ ಮುಗಿಯುತ್ತಿದೆ. ವಿಷಯವನ್ನು ಗ್ರಾಮಸಭೆಗೆ ತನ್ನಿ. ಅಲ್ಲಿ ಪಹಣಿ ಕೇಳುವುದಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಸೊಪ್ಪಿನಬೆಟ್ಟ, ಶಿರಸಿ:
ಅಕ್ಕ ಹೇಳಿದ್ದು ಸರಿ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಲ್ಕಣಿಯ ಕಡೆ ಜನ ಮರಗಳನ್ನು ಅಪ್ಪಿಕೊಂಡಾಗ ಎದುರಿಗಿದ್ದದ್ದು ಕಡಿಯಲು ಬಂದವರ ಕೊಡಲಿ. ನಿಮ್ಮ ಎದುರಿಗಿರುವವರು ಸ್ವಂತ ಅಣ್ಣತಮ್ಮಂದಿರು. ಅಲ್ಲಿ ಅಪ್ಪಿಕೋ ನಡೆಯುವುದಿಲ್ಲ. ಹರಾಜನ್ನೇ ನಿಲ್ಲಿಸಿ ಎಂದರೆ ಸೋಲುತ್ತೀರಿ. ಜೂನ್‌ನಿಂದ ಕೊಯ್ಲಿನವರೆಗೆ ಹಲಗೆ ಬಿತ್ತುವವರ ಕೈಯಲ್ಲಿರಬೇಕು ಎಂಬ ಒಂದು ಷರತ್ತನ್ನು ಕರಾರಿಗೆ ಸೇರಿಸಿ. ಹರಾಜಿನ ಮೊತ್ತ ಇಳಿಯುತ್ತದೆ, ಅದನ್ನು ಮುಚ್ಚಿಡಬೇಡಿ. ಇಳಿದದ್ದನ್ನು ಕಗ್ಗದ ಅಕ್ಕಿ ಮಾರಿ ಎಷ್ಟು ತುಂಬಿಕೊಳ್ಳಬಹುದು ಎಂಬ ಲೆಕ್ಕ ಹಿಡಿದೇ ಸಭೆಗೆ ಹೋಗಿ. ಕರಾವಳಿಯ ಸಿಗಡಿ ಕೊಳಗಳ ಬಗ್ಗೆ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಲೂ ಸಾಂಪ್ರದಾಯಿಕ ಪದ್ಧತಿಗೆ ಅವಕಾಶ ಉಳಿಸಿತ್ತು. ಭತ್ತ, ಮೀನಿನ ನಿಮ್ಮ ಸರದಿ ಅಂಥದ್ದೇ.

ಗಜನಿ ರೈತ, ಕುಮಟಾ:
ಷರತ್ತನ್ನು ಬರೆದುಕೊಂಡೆ. ಲೆಕ್ಕಕ್ಕೆ ಕೂರುತ್ತೇನೆ. ಅಕ್ಕಾ, ಇಷ್ಟು ವರ್ಷ ನಿಮ್ಮನ್ನು ಕರೆಯಬೇಕೆಂದು ನನಗೇ ಹೊಳೆಯಲಿಲ್ಲ, ಕ್ಷಮಿಸಿ. ಗ್ರಾಮಸಭೆಯನ್ನು ಉಬ್ಬರದ ಹೊತ್ತಿಗೆ ಇಡಿ ಎಂದು ಪಂಚಾಯಿತಿಗೆ ಬರೆಯುತ್ತೇನೆ. ನಿಮ್ಮ ಬಳಚಿನ ಹೊತ್ತು ತಪ್ಪಬಾರದು.