ಸಹಾಯ ಬೇಕು: ಕಾರ್ಬನ್ ಸ್ಟೀಲ್ ಚಾಕುವಿಗೆ ಯಾವ ಎಣ್ಣೆ?

ಎಲ್ಲರಿಗೂ ನಮಸ್ಕಾರ. ಮರದ ಹಿಡಿಯ ಮೂರು ಕಾರ್ಬನ್ ಸ್ಟೀಲ್ ಚಾಕುಗಳಿವೆ. ಎರಡು ದಿನಬಳಕೆಗೆ, ಒಂದು ತಿಂಗಳುಗಟ್ಟಲೆ ಡ್ರಾಯರಿನಲ್ಲೇ. ತುಕ್ಕು ಹಿಡಿಯಬಾರದು, ಹಚ್ಚಿದ್ದು ಹೊಟ್ಟೆಗೆ ಹೋದರೂ ತೊಂದರೆಯಾಗಬಾರದು.

ಸೂರ್ಯಕಾಂತಿ ಎಣ್ಣೆ ಬೇಡವೆಂದು ತೀರ್ಮಾನಿಸಿದ್ದೇನೆ. ಗಾಳಿ ತಾಕಿ ಅಂಟಂಟಾಗುತ್ತದೆ. ಅಲಗು ಹಿಡಿಗೆ ಸೇರುವ ಸಂದಿಯಲ್ಲಿ ಹಳದಿ ಜಿಗುಟು ಕೂತರೆ ಉಗುರಿನಲ್ಲಿ ಕೆರೆದರೂ ಬರದು, ಕಮಟು ವಾಸನೆ ಬೇರೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡುವುದಿಲ್ಲ, ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ತೆಳುವಾಗಿ ಹರಡುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಏನೇನು ಬೆರೆತಿದೆಯೋ, ಅದರ ಮಾತೇ ಬೇಡ.

ಉಳಿದದ್ದು ಎರಡು: ಸುವಾಸನೆ ಸೇರಿಸದ ಫುಡ್ ಗ್ರೇಡ್ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ಶುದ್ಧೀಕರಿಸಿದ, ಆಹಾರಕ್ಕೆ ತಾಕಿದರೂ ತೊಂದರೆಯಿಲ್ಲದ ಎಣ್ಣೆ), ಇಲ್ಲವೇ ಜಪಾನಿನಲ್ಲಿ ಅಲಗುಗಳಿಗೆ ಹಚ್ಚುವ ಕಮೀಲಿಯಾ ಎಣ್ಣೆ (ಚಹಾ ಗಿಡದ ಜಾತಿಯ ಗಿಡದ ಬೀಜದ ಎಣ್ಣೆ). ಮೊದಲನೆಯದು ಕಮಟುವುದೇ ಇಲ್ಲ. ಎರಡನೆಯದರಲ್ಲಿ ಒಲೀಕ್ ಆಮ್ಲ (ಗಾಳಿಗೆ ಬೇಗ ಕೆಡದ ಕೊಬ್ಬಿನಾಮ್ಲ) ಹೆಚ್ಚಿರುವುದರಿಂದ ನಿಧಾನವಾಗಿ ಕೆಡುತ್ತದೆ, ಆದರೆ ಕೆಡುವುದಂತೂ ಹೌದು.

ಹಚ್ಚುವ ಕ್ರಮ ಇದು: ತೊಳೆದು, ಒರೆಸಿ, ಹತ್ತು ನಿಮಿಷ ಗಾಳಿಗಿಟ್ಟು, ಅಲಗಿನ ಎರಡೂ ಬದಿಗೆ ಒಂದೊಂದು ಹನಿ, ಬೆನ್ನಿನಿಂದ ಬಾಯಿಯ ಕಡೆಗೆ ಬಟ್ಟೆಯಲ್ಲಿ ಸವರಿ, ಹೆಚ್ಚಾದದ್ದನ್ನು ಒರೆಸುವುದು. ತೇವದ ಮೇಲೆ ಹಚ್ಚಿದರೆ ನೀರು ಅಡಿಯಲ್ಲೇ ಸಿಕ್ಕಿಕೊಂಡು ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ.

ತಿಳಿದವರು ಹೇಳಿ: ಡ್ರಾಯರಿನ ಚಾಕುವಿಗೆ ಮಿನರಲ್ ಆಯಿಲ್ ಒಂದೇ ಸಾಕೇ, ಅಥವಾ ಮೆಲ್ಲನೆ ಇಳಿದುಹೋಗುತ್ತದೆಂದು ಜೇನುಮೇಣ ಬೆರೆಸಬೇಕೇ? ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಮೇಣ ಹಿಡಿಗೆ ಸರಿ, ಅಲಗಿಗೆ ದಪ್ಪವಾದೀತೇ? ಹಿಡಿಗೆ ಅಗಸೆ ಎಣ್ಣೆ ಬಳಸುವವರು, ಪೂರ್ತಿ ಒಣಗಲು ಎಷ್ಟು ದಿನ ಬಿಡುತ್ತೀರಿ?