ಭಾನುವಾರದ ಪ್ರಶ್ನೋತ್ತರ: ಹಿಮದ ನಾಡಿಗೆ ಹೊರಟವರು, ಮಾಗಿ ಚಳಿಯಲ್ಲಿ ಉಳಿದವರು

ನಿರ್ವಾಹಕರು (ರಾತ್ರಿ 8.00): ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಲ್ಲ ಸದಸ್ಯರಿಗೆ ನಮಸ್ಕಾರ. ಈ ವಾರದ ವಿಷಯ ಹಿಮ ಮತ್ತು ಚಳಿ. ನಮ್ಮಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ಮಕ್ಕಳು ಕೆನಡಾದಲ್ಲಿರುವವರು, ಮನೆಯವರು ಲಡಾಖ್‌ನಲ್ಲಿ ಸೇವೆಯಲ್ಲಿರುವವರು ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ. ಹಾಸನದ ನಮ್ಮ ವೈದ್ಯೆ ಒಂದೂವರೆ ಗಂಟೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಬೇಲೂರಿನ ಮೇಷ್ಟ್ರು (8.04): ನಮಸ್ಕಾರ ಡಾಕ್ಟರಮ್ಮ. ಜನವರಿಯಲ್ಲಿ ನಾನು, ನಮ್ಮ ಮನೆಯವರು ಮಗನಿರುವ ಟೊರಾಂಟೊಗೆ ಹೊರಟಿದ್ದೇವೆ. ನನಗೆ 68. ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದೂ ಉಂಟು ಎನ್ನುತ್ತಾನೆ ಮಗ. ಎಷ್ಟು ಸ್ವೆಟರ್ ಒಯ್ಯಬೇಕು?

ವೈದ್ಯೆ (8.11): ಮೇಷ್ಟ್ರೇ, ಸ್ವೆಟರಿಗಿಂತ ಮೊದಲು ಇನ್ಸುಲಿನ್ ವಿಚಾರ. ವಿಮಾನದಲ್ಲಿ ಅದು ನಿಮ್ಮ ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಎಸೆಯಬೇಕು. ಅಲ್ಲಿ ಹೊರಗೆ ಹೋಗುವಾಗ ಪೆನ್ ಮತ್ತು ಗ್ಲುಕೋಮೀಟರ್ ಎರಡೂ ಕೋಟಿನ ಒಳಜೇಬಿನಲ್ಲಿರಲಿ.

ಬಟ್ಟೆಗೆ ಬಂದರೆ, ಮೈಗೆ ತಾಗುವ ಮೊದಲ ಪದರ ಹತ್ತಿಯದಾಗಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯ ಬಿಸಿ ಕದಿಯುತ್ತದೆ. ಉಣ್ಣೆ ಅಥವಾ ಥರ್ಮಲ್, ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ತೂರದ ಕೋಟು ಸಾಕು. ಗಾಳಿಯನ್ನು ಲೆಕ್ಕಕ್ಕೆ ಹಿಡಿಯಿರಿ: ಸೊನ್ನೆಗಿಂತ 20 ಕೆಳಗಿರುವಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು 33 ಕೆಳಗಿದ್ದಂತೆ. ಕೋಟು ಅಲ್ಲಿಯೇ ಕೊಳ್ಳಿ, ಇಲ್ಲಿ ಸಿಗುವುದು ಅಲ್ಲಿಗೆ ಸಾಲದು. ಎರಡು ಜೊತೆ ಕಾಲುಚೀಲ ತೊಟ್ಟು ಬೂಟು ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗಿರಬಹುದು, ಆದ್ದರಿಂದ ದಿನವೂ ರಾತ್ರಿ ಬೆಳಕಿನಲ್ಲಿ ಪಾದ ನೋಡಿಕೊಳ್ಳಿ.

ಇನ್ನೊಂದು ಮಾತು. ಮಗನಿಗೆ ಸಹಾಯವಾಗಲಿ ಎಂದು ಸಲಿಕೆ ಹಿಡಿದು ಅಂಗಳದ ಹಿಮ ಎತ್ತಬೇಡಿ. ಚಳಿಗೆ ರಕ್ತನಾಳ ಕುಗ್ಗಿ ಒತ್ತಡ ಏರಿರುತ್ತದೆ, ಅದರ ಮೇಲೆ ತೋಳಿನ ಭಾರದ ಕೆಲಸ ಬಿದ್ದರೆ ಹೃದಯಾಘಾತವಾಗುವುದು ಆ ದೇಶಗಳಲ್ಲಿ ಎಲ್ಲ ವೈದ್ಯರೂ ಕಂಡ ವಿಷಯ.

ಕಡೂರಿನ ಹುಡುಗ (8.13): ಮೇಡಂ, ನಾವು ಐವರು ಸ್ನೇಹಿತರು ಮನಾಲಿಗೆ ಹೊರಟಿದ್ದೇವೆ. ಹಿಮದಲ್ಲಿ ಮೈ ಬೆಚ್ಚಗಿಡಲು ಎಷ್ಟು ಬ್ರಾಂಡಿ ಕುಡಿಯಬಹುದು?

ವೈದ್ಯೆ (8.14): ಸೊನ್ನೆ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಎನಿಸುತ್ತದೆ, ಆದರೆ ಒಡಲೊಳಗಿನ ಬಿಸಿ ಆ ದಾರಿಯಿಂದಲೇ ಸೋರಿಹೋಗುತ್ತಿರುತ್ತದೆ.

ಮೂಡಿಗೆರೆ ತೋಟದವರು (8.16): ಇದನ್ನು ಒಪ್ಪುವುದು ಕಷ್ಟ ಮೇಡಂ. ನಮ್ಮ ತಾತ ದಿನವೂ ರಾತ್ರಿ ಒಂದು ಪೆಗ್ ಹಾಕಿಕೊಂಡು 91 ವರ್ಷ ಬದುಕಿದರು. ಮಲೆನಾಡಿನ ಚಳಿ ಹಾಸನದವರಿಗೆ ಗೊತ್ತಿಲ್ಲ.

ಅರಕಲಗೂಡಿನ ಮಾಜಿ ಯೋಧ (8.19): ಮಲೆನಾಡಿನ ಚಳಿಯನ್ನು ಚಳಿ ಎಂದು ಕರೆಯುವವರು ಒಮ್ಮೆ ಸಿಯಾಚಿನ್ ನೋಡಿ ಬರಲಿ. ನಮಗೂ ರಮ್ ಕೊಡುತ್ತಿದ್ದರು, ಆದರೆ ಕುಡಿದು ಗಸ್ತಿಗೆ ಹೊರಟವನನ್ನು ನಾನು ನೋಡಿಲ್ಲ. 2016ರ ಫೆಬ್ರುವರಿ 3ರಂದು ಹಿಮದ ರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿಯನ್ನು ಮುಚ್ಚಿತು. ಅವರಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರರೂ ಒಬ್ಬರು. ಧಾರವಾಡದ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದುಕೊಂಡಿದ್ದು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಚಳಿಯ ಮುಂದೆ ಪೆಗ್ಗಿನ ಮಾತು ಆಡಬೇಡಿ.

ಮೂಡಿಗೆರೆ ತೋಟದವರು (8.22): ಯೋಧರ ಬಗ್ಗೆ ಗೌರವವಿದೆ, ನಾನು ಹೇಳಿದ್ದು ಬೇರೆ. ಇರಲಿ, ನನ್ನ ಪ್ರಶ್ನೆ ಇದು. ಕಾಫಿ ಕುಯ್ಲಿನ ಕಾಲ. ಕೂಲಿ ಲೈನಿನವರು (ತೋಟದ ಸಾಲುಮನೆಗಳ ಕೆಲಸದವರು) ರಾತ್ರಿ ಹಳೆಯ ಬಾಂಡಲಿಯಲ್ಲಿ ಕೆಂಡ ಇಟ್ಟುಕೊಂಡು ಕಿಟಕಿ ಬಾಗಿಲು ಹಾಕಿ ಮಲಗುತ್ತಾರೆ, ಬೆಳಿಗ್ಗೆ ತಲೆನೋವು ಎಂದು ಅರ್ಧ ಗಂಟೆ ತಡವಾಗಿ ಬರುತ್ತಾರೆ. ಇದು ನೆಪವೋ ನಿಜವೋ?

ತರೀಕೆರೆ ಸದಸ್ಯರು (8.24): ಗುಂಪಿಗೆ ಉಪಯುಕ್ತವಾಗಲಿ ಎಂದು ಹಾಕುತ್ತಿದ್ದೇನೆ, ಬಂದಂತೆ ಕಳುಹಿಸಿದ್ದೇನೆ. "ಚಳಿಗಾಲದ ಅಮೃತ: ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ರಕ್ತದ ಆಮ್ಲಜನಕ ಏರುತ್ತದೆ. ಹಿಮದಿಂದ ಮರಗಟ್ಟಿದ ಬೆರಳನ್ನು ಹಿಮದಿಂದಲೇ ಉಜ್ಜಿ. ಹಸುಗೂಸಿಗೆ ಜೇನಿನಲ್ಲಿ ಚಿಟಿಕೆ ಕರ್ಪೂರ ನೆಕ್ಕಿಸಿ, ನೆಗಡಿ ಓಡಿಹೋಗುತ್ತದೆ."

ಸಕಲೇಶಪುರದ ತಾಯಿ (8.25): ಮೇಡಂ, ಇದು ನಿಜವೇ? ನನ್ನ ಮಗುವಿಗೆ ಏಳು ತಿಂಗಳು, ಮೂಗು ಕಟ್ಟಿದೆ. ಮನೆಯಲ್ಲಿ ಕರ್ಪೂರ ಇದೆ.

ವೈದ್ಯೆ (8.31): ಕರ್ಪೂರವನ್ನು ದೇವರ ಮನೆಯಲ್ಲಿಯೇ ಇಡಿ. ಹೊಟ್ಟೆಗೆ ಹೋದರೆ ಸ್ವಲ್ಪವೇ ಕರ್ಪೂರ ಕೂಸಿಗೆ ಅಪಸ್ಮಾರದಂತಹ ಸೆಳೆತ ತರಬಲ್ಲದು. ಎದೆಗೆ ಹಚ್ಚುವುದೂ ಬೇಡ. ಒಂದು ವರ್ಷ ತುಂಬುವ ತನಕ ಜೇನೂ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಮೂಗಿಗೆ ಉಪ್ಪುನೀರಿನ ಹನಿ, ಎದೆಹಾಲು, ತಲೆಗೆ ಕುಲಾವಿ. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ ಅಥವಾ ಹಾಲು ಕುಡಿಯುವುದನ್ನು ಬಿಟ್ಟರೆ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಹೋಗಿ.

ತರೀಕೆರೆಯವರೇ, ಕರ್ಪೂರದ ಗಂಟಿನ ಕತೆ 2021ರಲ್ಲಿ ಕೋವಿಡ್ ಕಾಲದಲ್ಲಿ ಓಡಾಡಿತ್ತು. ಆಗಲೂ ಸುಳ್ಳು, ಈಗಲೂ ಸುಳ್ಳು. ಹಿಮದಿಂದ ಉಜ್ಜುವುದಂತೂ ಅಪಾಯ. ಮರಗಟ್ಟಿದ ಬೆರಳಿನೊಳಗೆ ನೀರು ಹರಳುಗಟ್ಟಿರುತ್ತದೆ, ಉಜ್ಜಿದರೆ ಮಾಂಸ ಹರಿಯುತ್ತದೆ. ಬೆರಳು ಪೇಲವವಾಗಿ, ಮೇಣದಂತೆ ಗಟ್ಟಿಯಾಗಿ, ನೋವೇ ನಿಂತುಹೋದರೆ ಅದು ಒಳ್ಳೆಯ ಲಕ್ಷಣವಲ್ಲ. 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಬೇಕು, ನಮ್ಮ ಬಚ್ಚಲ ಹಂಡೆಯ ಸುಡುನೀರಿನಲ್ಲಲ್ಲ. ಬೆಂಕಿಗೆ ಹಿಡಿಯಬಾರದು, ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮತ್ತೆ ಚಳಿಗೆ ಹೋಗಿ ಹೆಪ್ಪುಗಟ್ಟುವ ಸಂಭವವಿದ್ದರೆ ಬಿಸಿ ಮಾಡಲೇಬೇಡಿ, ಎರಡನೆಯ ಸಲ ಹೆಪ್ಪುಗಟ್ಟಿದರೆ ಬೆರಳು ಉಳಿಯುವುದು ಕಷ್ಟ.

ಅರಕಲಗೂಡಿನ ಮಾಜಿ ಯೋಧ (8.32): ಮೇಡಂ ಹೇಳಿದ್ದು ಅಕ್ಷರಶಃ ನಿಜ. ನನ್ನ ಎಡಗಾಲಿನಲ್ಲಿ ಮೂರು ಬೆರಳಿವೆ.

ತರೀಕೆರೆ ಸದಸ್ಯರು (8.34): ಒಳ್ಳೆಯ ಉದ್ದೇಶದಿಂದ ಹಾಕಿದ್ದೆ. ಹಾಗೆಯೇ ಈ ವಿಡಿಯೊ ನೋಡಿ, ಮುಳ್ಳಯ್ಯನಗಿರಿಯಲ್ಲಿ ಹಿಮಪಾತ! ನಮ್ಮಲ್ಲೂ ಹಿಮ ಬೀಳುತ್ತದೆ.

ಕೊಪ್ಪದ ಸದಸ್ಯರು (8.35): ಸುಳ್ಳು. ಅದು ಆಲಿಕಲ್ಲು.

ತರೀಕೆರೆ ಸದಸ್ಯರು (8.36): ಬೆಟ್ಟವೆಲ್ಲ ಬೆಳ್ಳಗಿದೆ, ಕಣ್ಣಿಲ್ಲವೇ?

ಬೇಲೂರಿನ ಮೇಷ್ಟ್ರು (8.39): ಜಗಳವೇಕೆ? ನಾವು ಮಂಜು ಎಂಬ ಒಂದೇ ಮಾತನ್ನು ಗಿರಿಯ ಮೇಲೆ ತೇಲುವುದಕ್ಕೂ ಹಿಮಾಲಯದಲ್ಲಿ ಬೀಳುವುದಕ್ಕೂ ಬಳಸುತ್ತೇವೆ, ಎಡವಟ್ಟು ಅಲ್ಲಿಂದ ಶುರು. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕಕ್ಕೆ ಅದೇ ಎತ್ತರ. ಮನಾಲಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ, ಆದರೆ ಅದು ಎಷ್ಟು ಉತ್ತರಕ್ಕಿದೆ ನೋಡಿ.

ಕೊಪ್ಪದ ಸದಸ್ಯರು (8.40): ಮೇಷ್ಟ್ರೇ, ಇದು ಏಳನೆಯ ತರಗತಿಯಲ್ಲ.

ರೆಜೈನಾದಿಂದ, ಅರಸೀಕೆರೆಯವರು (8.41): ಡಾಕ್ಟರ್ ಅವರಿಗೆ ನಮಸ್ಕಾರ. ನಾವು ಮಗಳ ಬಾಣಂತನಕ್ಕೆಂದು ಕೆನಡಾದ ಸಸ್ಕಾಚೆವಾನ್‌ಗೆ ಬಂದಿದ್ದೇವೆ. ಅವಳಿಗೆ ಈಗ ಎಂಟು ತಿಂಗಳು. ಮೂರು ದಿನದಿಂದ ಬಿಡದೆ ಹಿಮ. ನನಗೆ, ನಮ್ಮ ಯಜಮಾನರಿಗೆ, ಮಗಳಿಗೆ ಬೆಳಗಾದರೆ ತಲೆನೋವು, ವಾಕರಿಕೆ. ನೀರು ಬದಲಾದದ್ದಕ್ಕೆ ಇರಬೇಕು ಎಂದುಕೊಂಡೆ. ನಿನ್ನೆ ಅಂಗಡಿಗೆ ಹೋದಾಗ ಎಲ್ಲರಿಗೂ ಹಗುರವಾಗಿತ್ತು. ಅಳಿಯಂದಿರದು ರಾತ್ರಿ ಪಾಳಿ, ಅವರಿಗೆ ಏನೂ ಇಲ್ಲ. ಬೆರಳಿಗೆ ಹಾಕುವ ಯಂತ್ರದಲ್ಲಿ 98 ತೋರಿಸುತ್ತದೆ. ಮಾಳಿಗೆಯಲ್ಲಿದ್ದ ಒಂದು ಡಬ್ಬಿ ಪದೇಪದೇ ಕೂಗುತ್ತಿತ್ತು, ನಿದ್ದೆಗೆ ತೊಂದರೆ ಎಂದು ಅಳಿಯಂದಿರು ಬ್ಯಾಟರಿ ತೆಗೆದಿಟ್ಟಿದ್ದಾರೆ. ಶುಂಠಿ ಕಷಾಯ ಕೊಡಬಹುದೇ?

ವೈದ್ಯೆ (8.42): ತಾಯಿ, ಓದಿದ ಕೂಡಲೇ ಎಲ್ಲರೂ ಕೋಟು ಹಾಕಿಕೊಂಡು ಮನೆಯಿಂದ ಹೊರಗೆ ನಡೆಯಿರಿ. ಪಕ್ಕದ ಮನೆಯ ಬಾಗಿಲು ತಟ್ಟಿ. ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂರಬೇಡಿ. ಹೊರಗೆ ಹೋದ ಮೇಲೆ 911ಕ್ಕೆ ಕರೆ ಮಾಡಿ "ಕಾರ್ಬನ್ ಮಾನಾಕ್ಸೈಡ್, ಗರ್ಭಿಣಿ" ಎಂದು ಹೇಳಿ. ಕಷಾಯ ಬೇಡ. ಸಾಮಾನು ಬೇಡ. ಹೊರಡಿ.

ವೈದ್ಯೆ (8.50): ಉಳಿದವರೂ ಓದಿ. ಎಂಟು ತಿಂಗಳ ಗರ್ಭಿಣಿಗೆ ತಲೆನೋವು ಎಂದರೆ ಮೊದಲು ರಕ್ತದೊತ್ತಡ ನೋಡು ಎನ್ನುತ್ತೇನೆ, ಅದನ್ನು ಈಗಲೂ ನೋಡಲೇಬೇಕು. ಆದರೆ ರಕ್ತದೊತ್ತಡ ಅಪ್ಪ ಅಮ್ಮ ಮಗಳಿಗೆ ಒಂದೇ ಬೆಳಿಗ್ಗೆ ಬರುವುದಿಲ್ಲ, ಅಂಗಡಿಗೆ ಹೋದರೆ ಇಳಿಯುವುದೂ ಇಲ್ಲ. ಮನೆಯಲ್ಲಿದ್ದವರಿಗೆಲ್ಲ ಇದೆ, ಇಲ್ಲದವರಿಗೆ ಇಲ್ಲ ಎಂದಾದರೆ ಕಾಯಿಲೆ ಮನೆಯದು.

ಆ ದೇಶದ ಮನೆಗಳನ್ನು ಬೆಚ್ಚಗಿಡುವ ಗ್ಯಾಸ್ ಒಲೆ ನೆಲಮಾಳಿಗೆಯಲ್ಲಿರುತ್ತದೆ. ಹೊಸ ಬಗೆಯ ಒಲೆಗಳ ಹೊಗೆಕೊಳವೆ ಛಾವಣಿಗೆ ಹೋಗದೆ ಪಕ್ಕದ ಗೋಡೆಯಿಂದ, ನೆಲಕ್ಕೆ ಹತ್ತಿರವಾಗಿ ಹೊರಬರುವುದುಂಟು. ಗಾಳಿ ಹಿಮವನ್ನು ಗೋಡೆಗೆ ಗುಡ್ಡೆ ಹಾಕಿ ಕೊಳವೆಯ ಬಾಯಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಮನೆಯೊಳಗೇ ತುಂಬಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಬೆರಳಿನ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯದು, ವಿಷ ಹೊತ್ತ ರಕ್ತವನ್ನೂ 98 ಎಂದೇ ತೋರಿಸುತ್ತದೆ. ಹೊಟ್ಟೆಯೊಳಗಿನ ಕೂಸಿನ ರಕ್ತ ಅದನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೂಗುತ್ತಿದ್ದ ಡಬ್ಬಿ ಕೂಗಿದ್ದು ಬಹುಶಃ ಇದಕ್ಕೇ.

ರೆಜೈನಾದವರೇ, ಹೊರಗೆ ಬಂದಿರಾ? ಒಂದು ಅಕ್ಷರ ಬರೆಯಿರಿ.

ಬಾಳೆಹೊನ್ನೂರಿನ ಸದಸ್ಯರು (8.52): ಮೇಡಂ, ಜನವರಿಯಲ್ಲಿ ಕೇದಾರನಾಥಕ್ಕೆ ಹೋಗಬೇಕೆಂದಿದೆ. ಉಸಿರಾಟಕ್ಕೆ ಯಾವ ಮಾತ್ರೆ?

ವೈದ್ಯೆ (8.53): ಜನವರಿಯಲ್ಲಿ ದೇವಸ್ಥಾನದ ಬಾಗಿಲು ಹಾಕಿರುತ್ತದೆ.

ಬಾಳೆಹೊನ್ನೂರಿನ ಸದಸ್ಯರು (8.55): ಅದು ಗೊತ್ತು ಮೇಡಂ. ಚಳಿಗಾಲದಲ್ಲಿ ಉತ್ಸವಮೂರ್ತಿ ಉಖೀಮಠಕ್ಕೆ ಇಳಿಯುತ್ತದೆ, ಪೂಜೆ ಅಲ್ಲಿಯೇ. ಕೇದಾರದ ಧರ್ಮಗುರುಗಳಾದ ರಾವಲರು ಪರಂಪರೆಯಂತೆ ನಮ್ಮ ಕನ್ನಡ ನಾಡಿನವರೇ.

ಕೊಪ್ಪದ ಸದಸ್ಯರು (8.56): ಗೊತ್ತಿದ್ದ ಮೇಲೆ ಕೇದಾರ ಎಂದು ಏಕೆ ಬರೆದಿರಿ?

ತರೀಕೆರೆ ಸದಸ್ಯರು (8.57): ಕೊಪ್ಪದವರಿಗೆ ಎಲ್ಲರ ಮೇಲೂ ಕೋಪ. ವಿಡಿಯೊ ಇನ್ನೊಂದು ಸಿಕ್ಕಿದೆ, ಹಾಕುತ್ತೇನೆ.

ಹೊಳೆನರಸೀಪುರದ ಸದಸ್ಯರು (8.58): ಮೇಡಂ, ಅಮೆರಿಕಕ್ಕೆ ಹೊರಟಿದ್ದೇವೆ, ಎಷ್ಟು ಸ್ವೆಟರ್ ಬೇಕು?

ವೈದ್ಯೆ (8.59): 8.11.

ಹೊಳೆನರಸೀಪುರದ ಸದಸ್ಯರು (9.00): ಎಂಟು ಸ್ವೆಟರೇ?

ಅರಸೀಕೆರೆಯ ಇನ್ನೊಬ್ಬರು (9.02): ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವುದಕ್ಕೆ ಏನು ಹಚ್ಚಬೇಕು? ಥೈರಾಯ್ಡ್ ಇದ್ದರೆ ಚಳಿ ಹೆಚ್ಚೇ?

ಕಡೂರಿನ ಹುಡುಗ (9.04): ಮೇಡಂ, ಬ್ರಾಂಡಿ ಬೇಡ ಎಂದಿರಿ, ರಮ್ ಬಗ್ಗೆ ಏನೂ ಹೇಳಲಿಲ್ಲ.

ತರೀಕೆರೆ ಸದಸ್ಯರು (9.05): ನೋಡಿ, ಇದು ಇನ್ನೂ ಸ್ಪಷ್ಟವಾಗಿದೆ.

ವೈದ್ಯೆ (9.06): ಒಬ್ಬ ಗರ್ಭಿಣಿ ಮನೆಯಿಂದ ಹೊರಗೆ ಬಂದಿದ್ದಾಳೋ ಇಲ್ಲವೋ ತಿಳಿಯದೆ ಕೂತಿದ್ದೇನೆ, ನೀವು ಆಲಿಕಲ್ಲಿಗೆ ಜಗಳವಾಡುತ್ತಿದ್ದೀರಿ. ನಿರ್ವಾಹಕರೇ, ಅವರ ಅರಸೀಕೆರೆಯ ಮನೆಯ ಸಂಖ್ಯೆ ಯಾರಲ್ಲಾದರೂ ಇದೆಯೇ?

ನಿರ್ವಾಹಕರು (9.09): ಅವರ ಮೈದುನರಿಗೆ ಹೇಳಿದ್ದೇನೆ, ಅವರು ಕರೆ ಮಾಡುತ್ತಿದ್ದಾರೆ. ವಿಡಿಯೊ ಅಳಿಸಿದ್ದೇನೆ.

ತರೀಕೆರೆ ಸದಸ್ಯರು (9.10): ಇದು ನ್ಯಾಯವಲ್ಲ.

ರೆಜೈನಾದಿಂದ, ಅರಸೀಕೆರೆಯವರು (9.36): ಡಾಕ್ಟರೇ, ಆಸ್ಪತ್ರೆಯಲ್ಲಿದ್ದೇವೆ. ಮೊಬೈಲ್ ಮನೆಯಲ್ಲೇ ಬಿಟ್ಟು ಓಡಿದ್ದೆವು, ಈಗ ಅಳಿಯಂದಿರು ತಂದುಕೊಟ್ಟರು. ಅಗ್ನಿಶಾಮಕದವರು ಯಂತ್ರ ಹಿಡಿದು ಒಳಗೆ ಕಾಲಿಟ್ಟ ಕೂಡಲೇ ಅದು ಕೂಗಿತಂತೆ. ಗೋಡೆಯ ಕೊಳವೆಯ ಮೇಲೆ ಸೊಂಟದೆತ್ತರ ಹಿಮ ಇತ್ತು. ಮಗಳಿಗೆ ಮುಖವಾಡ ಹಾಕಿ ಆಮ್ಲಜನಕ ಕೊಡುತ್ತಿದ್ದಾರೆ. ಮಗುವಿನ ಎದೆಬಡಿತ ಕೇಳಿಸಿದರು.

ವೈದ್ಯೆ (9.38): ಸದ್ಯ. ನಿಮ್ಮದು, ಯಜಮಾನರದು ರಕ್ತವನ್ನೂ ಪರೀಕ್ಷಿಸಲು ಕೇಳಿ. ಮಗಳಿಗೆ ತಲೆನೋವು ಇಳಿಯಿತು ಎಂದು ಮುಖವಾಡ ತೆಗೆಸಲು ಅವಸರ ಮಾಡಬೇಡಿ. ತಾಯಿಯ ರಕ್ತ ಶುದ್ಧವಾದ ಮೇಲೂ ಕೂಸಿನದು ಶುದ್ಧವಾಗಲು ಹೆಚ್ಚು ಹೊತ್ತು ಬೇಕು. ಹೆರಿಗೆಯ ನಂತರ ಬಾಣಂತಿ ಕೋಣೆಗೆ ಕೆಂಡ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ಅಳಿಯಂದಿರನ್ನು ಈಗ ಬೈಯಬೇಡಿ. ಬ್ಯಾಟರಿ ಹಾಕಿಸಿ.

ನಿರ್ವಾಹಕರು (9.40): ಸಮಯ ಮುಗಿಯಿತು. ಡಾಕ್ಟರ್ ಅವರಿಗೆ ಗುಂಪಿನ ಪರವಾಗಿ

ವೈದ್ಯೆ (9.41): ಮುಗಿದಿಲ್ಲ. ಮೂಡಿಗೆರೆಯವರು 8.22ಕ್ಕೆ ಬರೆದದ್ದನ್ನು ನಾನು ಕರ್ಪೂರದ ಸಿಟ್ಟಿನಲ್ಲಿ ದಾಟಿಹೋದೆ, ತಪ್ಪು ನನ್ನದು. ಸ್ವಾಮಿ, ಅದು ನೆಪವಲ್ಲ. ರೆಜೈನಾದ ಮನೆಯಲ್ಲಿದ್ದ ಅನಿಲವೇ ನಿಮ್ಮ ಬಾಂಡಲಿಯ ಕೆಂಡದಿಂದಲೂ ಬರುತ್ತದೆ. ಹೊಗೆ ಅಡಗಿದ ಕೆಂಡ ಎಂದರೆ ಸುರಕ್ಷಿತವಲ್ಲ, ಹೊಗೆಯಿಲ್ಲದ್ದರಿಂದಲೇ ಯಾರೂ ಎಚ್ಚರಗೊಳ್ಳುವುದಿಲ್ಲ. ಆ ಕೋಣೆಗಳಲ್ಲಿ ಮಕ್ಕಳಿದ್ದಾರೆಯೇ?

ಮೂಡಿಗೆರೆ ತೋಟದವರು (9.47): ಇದ್ದಾರೆ. ನಾಳೆ ಬೆಳಿಗ್ಗೆ ಎಲ್ಲರಿಗೂ ಹೇಳಿಸುತ್ತೇನೆ. ಕಂಬಳಿಯನ್ನೂ ಕೊಡಿಸುತ್ತೇನೆ.

ವೈದ್ಯೆ (9.47): ನಾಳೆ ಬೆಳಿಗ್ಗೆ ಅಲ್ಲ. ಮಲಗುವ ಹೊತ್ತು ಇದು.

ಮೂಡಿಗೆರೆ ತೋಟದವರು (9.52): ತೋಟದ ಲೆಕ್ಕ ನೋಡುವ ರೈಟರಿಗೆ ಫೋನ್ ಮಾಡಿದೆ, ಎತ್ತುತ್ತಿಲ್ಲ.

ವೈದ್ಯೆ (9.52): ಲೈನ್ ನಿಮ್ಮ ಮನೆಯಿಂದ ಎಷ್ಟು ದೂರ?

ಮೂಡಿಗೆರೆ ತೋಟದವರು (9.53): ಒಂದು ಕಿಲೋಮೀಟರ್ ಆಗಬಹುದು. ಹೊರಗೆ ವಿಪರೀತ ಚಳಿ.

ವೈದ್ಯೆ (9.53): ಜೀಪ್ ಇದೆಯಲ್ಲ.