‘ಅಜ್ಜಿ ಮನೆ’ ಗುಂಪಿನಲ್ಲಿ ಮಾತ್ರೆಯ ಮಾತು

ಮಾವ: (ಫಾರ್ವರ್ಡ್) 8 ವಾರ ಧ್ಯಾನ ಮಾಡಿ, ಡಿಪ್ರೆಶನ್ ಮಾತ್ರೆ ಬಿಸಾಡಿ! ವಿದೇಶಿ ವಿಜ್ಞಾನಿಗಳೂ ಒಪ್ಪಿದ್ದಾರೆ!!

ಮಾವ: ಪುಟ್ಟೀ, ನಿನಗೋಸ್ಕರವೇ ಹಾಕಿದೆ. ಇನ್ನೂ ಎಷ್ಟು ದಿನಮ್ಮ ಆ ಮಾತ್ರೆ?

ಚಿಕ್ಕಮ್ಮ: ನಾನೂ ಅದೇ ಹೇಳುವುದು. ಮನಸ್ಸು ಗಟ್ಟಿ ಮಾಡಿಕೊಂಡರೆ ಆಯ್ತು.

ಪುಟ್ಟಿ: ಮಾವ, ನಿಮ್ಮ ಕಾಳಜಿ ಗೊತ್ತು. ಆದರೆ ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ನಾನು ಮಾಡಿದ್ದು ಅದೇ 8 ವಾರದ ಕೋರ್ಸು. ಮಾತ್ರೆ ತಗೊಳ್ಳುತ್ತಲೇ ಮಾಡಿದೆ.

ಮಾವ: ಅಂದ್ರೆ ಸಂಶೋಧನೆ ಸುಳ್ಳಾ?

ಪುಟ್ಟಿ: ಸಂಶೋಧನೆ ನಿಜ. ಬಿಸಾಡಿ ಅನ್ನುವುದು ಸುಳ್ಳು. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಂಗ್ಲೆಂಡಿನ ಅಧ್ಯಯನ ಬಂತು. 424 ಜನ. ಎಲ್ಲರಿಗೂ ಕನಿಷ್ಠ ಮೂರು ಸಲ ಡಿಪ್ರೆಶನ್ ಬಂದು ಹೋಗಿತ್ತು. ಅರ್ಧ ಜನ ಮಾತ್ರೆ ಮುಂದುವರಿಸಿದರು. ಉಳಿದವರು ಕೋರ್ಸ್ ಮಾಡಿ, ಡಾಕ್ಟರ ನಿಗಾದಲ್ಲಿ ನಿಧಾನವಾಗಿ ಮಾತ್ರೆ ಇಳಿಸಲು ನೋಡಿದರು. ಎರಡು ವರ್ಷದಲ್ಲಿ ಮತ್ತೆ ಬಂದಿದ್ದು ಕೋರ್ಸಿನವರಲ್ಲಿ ಶೇ. 44, ಮಾತ್ರೆಯವರಲ್ಲಿ ಶೇ. 47. ಹೆಚ್ಚುಕಡಿಮೆ ಒಂದೇ, ಅಲ್ವಾ?

ಚಿಕ್ಕಮ್ಮ: ಹಾಗಾದರೆ ಮಾತ್ರೆಯೇ ಸಾಕಿತ್ತಲ್ಲ, ಕೋರ್ಸ್ ಯಾಕೆ?

ಪುಟ್ಟಿ: ಮಾತ್ರೆಯಿಂದ ಹಾಸಿಗೆ ಬಿಟ್ಟು ಏಳುವಂತಾಯ್ತು ಚಿಕ್ಕಮ್ಮ. ಆದರೆ ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ಹಾಗೇ ಇತ್ತು. ಕೋರ್ಸಿನ ಮೊದಲ ದಿನ ಅಂಗೈಗೆ ಒಂದು ಒಣದ್ರಾಕ್ಷಿ ಕೊಟ್ಟರು. ಅದರ ಸುಕ್ಕು ನೋಡಿ, ಮೂಸಿ, ಆಮೇಲೆ ಬಾಯಿಗೆ ಹಾಕಿ, ನಿಧಾನ ಅಗಿಯಿರಿ ಅಂದರು. ಇದೇನು ಅನ್ನಿಸಿತ್ತು. ಅದೇ ಗಮನವನ್ನು ಆಮೇಲೆ ಯೋಚನೆಗಳ ಮೇಲೆ ಇಡಲು ಕಲಿಸಿದರು.

ಪುಟ್ಟಿ: ಮೊನ್ನೆ ದೋಸೆ ಕಾವಲಿಗೆ ಅಂಟಿ ಕಿತ್ತು ಬಂತು. ತಕ್ಷಣ ಒಳಗೆ ‘ನಾನು ಯಾವುದಕ್ಕೂ ಬಾರದವಳು’ ಅಂತ ಶುರು. ಮುಂಚೆ ಅದನ್ನು ನಂಬಿ, ಒಲೆ ಆರಿಸಿ ಹೋಗಿ ಮಲಗುತ್ತಿದ್ದೆ. ಈಗ ‘ಓ, ಆ ಯೋಚನೆ ಬಂತು’ ಅಂತ ಗುರುತು ಸಿಗುತ್ತದೆ. ಮೂರು ನಿಮಿಷ ಸುಮ್ನೆ ಉಸಿರು ಗಮನಿಸಿದೆ. ಕಾವಲಿಗೆ ಈರುಳ್ಳಿ ಉಜ್ಜಿ ಇನ್ನೊಂದು ಹುಯ್ದೆ.

ಪುಟ್ಟಿ: ಮನಸ್ಸು ಗಟ್ಟಿ ಮಾಡಿಕೋ ಅಂದಾಗ ನೋವಾಗುತ್ತದೆ ಚಿಕ್ಕಮ್ಮ. ನಾನೇ ಅದನ್ನು ಹೇಳಿಕೊಂಡು ವರ್ಷಗಟ್ಟಲೆ ನನ್ನನ್ನು ಬೈದುಕೊಂಡಿದ್ದೇನೆ.

ಚಿಕ್ಕಮ್ಮ: ಇನ್ನು ಹಾಗೆ ಅನ್ನಲ್ಲ ಕಂದ.

ಅಣ್ಣ: ಮಾವ, ಬೇರೆ ಗುಂಪಿಗೂ ಹಾಕಿದ್ದೀರಾ? ಯಾರಾದರೂ ನಂಬಿ ಮಾತ್ರೆ ನಿಲ್ಲಿಸಿದರೆ?

ಮಾವ: ವಾಕಿಂಗ್ ಗುಂಪಿಗೆ ಹೋದ ವಾರವೇ ಹಾಕಿದ್ದೆ. ಈಗ ಅಳಿಸಲು ಬರುತ್ತಿಲ್ಲ. ಏನು ಬರೆಯಲಿ, ನೀನೇ ಹೇಳಮ್ಮ.

ಪುಟ್ಟಿ: ‘ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ’ ಅಂತ ಬರೆಯಿರಿ ಮಾವ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೂಡ ಹಾಕಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಾವ: ಹಾಕಿದೆ.